ವಿಡಿಯೊ ಗೇಮ್‌ಗಳು ಸಿನಿಮಾ ಆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ಆಧರಿಸಿದ ಸಿನಿಮಾ, ಸರಣಿಗಳ ಮಾತು ಬಂದರೆ ಸಾಕು, ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ನನಗೆ ಗೇಮ್ ಅಂದರೂ ಪ್ರಾಣ, ಸಿನಿಮಾ ಅಂದರೂ ಪ್ರಾಣ. ಹಾಗಾಗಿ ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಧಾರಾಳವಾಗಿ ಬೆರೆತಿದೆ. ದ ಲಾಸ್ಟ್ ಆಫ್ ಅಸ್ ಗೇಮ್ ಮತ್ತು ಸರಣಿಯ ಕೊನೆ ಮೊದಲ ಉತ್ತರದಲ್ಲೇ ಬಯಲಾಗುತ್ತದೆ. ನೋಡದವರು ಆ ಉತ್ತರ ಬಿಟ್ಟು ಮುಂದೆ ಹೋಗಿ.

ಗೇಮ್‌ನಲ್ಲಿ ಕಥೆ, ಪಾತ್ರ, ಲೋಕ ಎಲ್ಲಾ ರೆಡಿ ಇರುತ್ತದಲ್ಲ. ಅದನ್ನು ಸಿನಿಮಾ ಮಾಡೋದಕ್ಕೆ ಏನು ಕಷ್ಟ?

ಗೇಮ್‌ನಲ್ಲಿ ನಡೆಯುವುದೆಲ್ಲ ಆಡುವವರ ಕೈಯಿಂದಲೇ ನಡೆಯುತ್ತದೆ. ಕಷ್ಟ ಇರುವುದು ಅಲ್ಲೇ. ಬಾಗಿಲು ತೆಗೆಯುವುದು ನಾವು, ಗುಂಡು ಹಾರಿಸುವುದು ನಾವು, ಹತ್ತು ಸಲ ಸತ್ತು ಹನ್ನೊಂದನೇ ಸಲ ಗೆಲ್ಲುವುದೂ ನಾವೇ. ಅದೇ ಕಥೆಯನ್ನು ಕಾಗದದ ಮೇಲೆ ಬರೆದರೆ ಬಹಳ ಸಲ ತೀರಾ ಸಾಮಾನ್ಯ ಅನ್ನಿಸುತ್ತದೆ. ಅದರ ಅರ್ಧ ಬಲ ನಮ್ಮ ಬೆರಳುಗಳಲ್ಲಿತ್ತು. ಸಿನಿಮಾಕ್ಕೆ ಬಂದ ತಕ್ಷಣ ಆ ಅರ್ಧ ಹೋಗಿಬಿಡುತ್ತದೆ. ಹೋದ ಜಾಗಕ್ಕೆ ಏನು ತರಬೇಕು ಅನ್ನುವುದಕ್ಕೆ ಉತ್ತರ ಸಿಗದೆ ಬಹಳಷ್ಟು ಸಿನಿಮಾಗಳು ಬಿದ್ದಿವೆ.

ದ ಲಾಸ್ಟ್ ಆಫ್ ಅಸ್ ನೋಡಿ. 2013ರಲ್ಲಿ ನಾಟಿ ಡಾಗ್ ಕಂಪನಿ ಮಾಡಿದ ಗೇಮ್ ಅದು. ಕೊನೆಯಲ್ಲಿ ಜೋಯಲ್ ಎನ್ನುವವನು ಮಗಳಂತಾಗಿರುವ ಹುಡುಗಿ ಎಲೀಯನ್ನು ಉಳಿಸಿಕೊಳ್ಳಲು ಆಸ್ಪತ್ರೆಗೆ ನುಗ್ಗುತ್ತಾನೆ. ಆಪರೇಷನ್ ಕೋಣೆಯಲ್ಲಿ ಒಬ್ಬ ಡಾಕ್ಟರ್ ಅಡ್ಡ ನಿಲ್ಲುತ್ತಾನೆ. ಅವನನ್ನು ಕೊಲ್ಲದೆ ಗೇಮ್ ಮುಂದಕ್ಕೇ ಹೋಗುವುದಿಲ್ಲ. ಮನಸ್ಸಿಲ್ಲದಿದ್ದರೂ ಬಟನ್ ನಾವೇ ಒತ್ತಬೇಕು. ಆ ಪಾಪದಲ್ಲಿ ನಮಗೂ ಪಾಲು ಬರುತ್ತದೆ.

2023ರ ಸರಣಿಯಲ್ಲೂ ಅದೇ ಘಟನೆ ಇದೆ. ಆದರೆ ಅಲ್ಲಿ ಗುಂಡಿನ ಸದ್ದು ತಗ್ಗುತ್ತದೆ, ಅದರ ಮೇಲೆ ನೋವಿನ ಸಂಗೀತ ಹರಿಯುತ್ತದೆ. ಜೋಯಲ್ ಮುಖದಲ್ಲಿ ಸಿಟ್ಟೂ ಇಲ್ಲ, ಭಯವೂ ಇಲ್ಲ. ಸುಮ್ನೆ ನಡೆದುಕೊಂಡು ಹೋಗುತ್ತಾ ಕೊಲ್ಲುತ್ತಾನೆ. ಗೇಮ್‌ನಲ್ಲಿ "ಅಯ್ಯೋ, ನಾನೇ ಮಾಡಿಬಿಟ್ಟೆ" ಅನ್ನಿಸಿದ್ದು ಇಲ್ಲಿ "ಅಯ್ಯೋ, ಇವನೇನು ಮಾಡ್ತಿದ್ದಾನೆ" ಅಂತ ಆಗುತ್ತದೆ. ಪೆಟ್ಟು ಮಾತ್ರ ಅಷ್ಟೇ ಜೋರಾಗಿ ಬೀಳುತ್ತದೆ. ಗೆದ್ದ ಸಿನಿಮಾ, ಸರಣಿಗಳು ಮಾಡಿದ್ದು ಇದನ್ನೇ ಅಂತ ನಾನು ನಂಬುತ್ತೇನೆ. ಆಡುವಾಗ ಏನು ಅನ್ನಿಸುತ್ತಿತ್ತು ಅಂತ ಮೊದಲು ಹುಡುಕಿದವು. ಆಮೇಲೆ ಅದನ್ನು ಕ್ಯಾಮೆರಾ, ಸದ್ದು, ಮುಖಗಳಿಂದ ಮತ್ತೆ ಕಟ್ಟಿದವು.

ಶುರುವಿನ ಸಿನಿಮಾಗಳು ಯಾಕೆ ಅಷ್ಟು ಕೆಟ್ಟದಾಗಿದ್ದವು?

ಮಾಡಿದವರಿಗೆ ಗೇಮ್ ಮೇಲೆ ನಂಬಿಕೆ ಇರಲಿಲ್ಲ. ಹೆಸರಿನ ಮೇಲೆ ಮಾತ್ರ ನಂಬಿಕೆ ಇತ್ತು.

ಹಾಲಿವುಡ್‌ನ ಮೊದಲ ದೊಡ್ಡ ಪ್ರಯತ್ನ 1993ರ ಸೂಪರ್ ಮಾರಿಯೊ ಬ್ರದರ್ಸ್. ಬಣ್ಣ ಬಣ್ಣದ ಅಣಬೆ, ಹಸಿರು ಪೈಪು, ನೀಲಿ ಆಕಾಶದ ಕೆಳಗೆ ಟಣ್ ಅಂತ ನೆಗೆಯುವ ಖುಷಿ, ಇದು ಮಾರಿಯೊ ಗೇಮ್. ಸಿನಿಮಾದಲ್ಲಿ ಬಂದದ್ದು ಕತ್ತಲು ಕವಿದ, ಕೊಳಕು ನಗರ. ಡೈನೋಸಾರ್‌ಗಳಿಂದ ವಿಕಾಸವಾದ ಮನುಷ್ಯರು ಅಲ್ಲಿ ವಾಸಿಸುತ್ತಾರೆ! ಚಿತ್ರಕಥೆಯನ್ನು ಎಷ್ಟೋ ಸಲ ತಿದ್ದಿದರು, ಶೂಟಿಂಗ್ ನಡೆಯುವಾಗಲೂ ತಿದ್ದುತ್ತಲೇ ಇದ್ದರು. ಅಮೆರಿಕದಲ್ಲಿ ಸುಮಾರು 2 ಕೋಟಿ ಡಾಲರ್ ಮಾತ್ರ ಬಂತು. ಹಾಕಿದ ದುಡ್ಡು ಅದರ ಎರಡರಷ್ಟು. ಮಾರಿಯೊ ಪಾತ್ರ ಮಾಡಿದ್ದ ಬಾಬ್ ಹಾಸ್ಕಿನ್ಸ್, ತಾವು ಮಾಡಿದ್ದರಲ್ಲೇ ಅತಿ ಕೆಟ್ಟ ಕೆಲಸ ಇದು ಅಂತ ಮುಂದೆ ಬಹಿರಂಗವಾಗಿಯೇ ಹೇಳಿದರು. ಮಾರಿಯೊ ಮತ್ತೆ ದೊಡ್ಡ ಪರದೆಗೆ ಬಂದದ್ದು 30 ವರ್ಷಗಳ ನಂತರ, 2023ರಲ್ಲಿ.

ಆ ಕಾಲದ ಗೇಮ್‌ಗಳಲ್ಲಿ ಕಥೆ ಕಡಿಮೆ ಇತ್ತು ಅನ್ನುವುದು ನಿಜ. ರಾಜಕುಮಾರಿಯನ್ನು ಹೊತ್ತೊಯ್ದಿದ್ದಾರೆ, ಬಿಡಿಸಿಕೊಂಡು ಬಾ, ಅಷ್ಟೇ. ಕಥೆ ಇಲ್ಲದಿದ್ದರೂ ಒಂದು ಮೂಡ್ ಇತ್ತಲ್ಲ? ಅದನ್ನು "ಮಕ್ಕಳ ಆಟ" ಅಂತ ಪಕ್ಕಕ್ಕೆ ಇಟ್ಟು, ದೊಡ್ಡವರಿಗೆ ಸರಿಹೋಗಲಿ ಅಂತ ಬೇರೆಯದೇ ಲೋಕ ಕಟ್ಟಿದರು. ಆ ಲೋಕ ಮಕ್ಕಳಿಗೂ ಬೇಡವಾಯಿತು, ದೊಡ್ಡವರಿಗೂ ಬೇಡವಾಯಿತು.

ಹಾಗಾದರೆ 1995ರ ಮಾರ್ಟಲ್ ಕಾಂಬ್ಯಾಟ್ ಗೆದ್ದಿದ್ದು ಹೇಗೆ?

ಅದರ ಹಿಂದಿನ ವರ್ಷ ಬಂದ ಸ್ಟ್ರೀಟ್ ಫೈಟರ್ ಜೊತೆ ಇಟ್ಟು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ಹೊಡೆದಾಟದ ಗೇಮ್‌ಗಳು. ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ, ಗೆದ್ದವನು ಮುಂದೆ. ಸ್ಟ್ರೀಟ್ ಫೈಟರ್ ಸಿನಿಮಾ ಈ ಪಂದ್ಯದ ಕಲ್ಪನೆಯನ್ನೇ ಕೈಬಿಟ್ಟಿತು. ಸರ್ವಾಧಿಕಾರಿ, ಒತ್ತೆಯಾಳುಗಳು, ಸೈನ್ಯ ಇರುವ ಯುದ್ಧದ ಸಿನಿಮಾ ಆಯಿತು. ಗೇಮ್‌ನ ಪಾತ್ರಗಳು ಒಂದರ ಹಿಂದೆ ಒಂದು ಬಂದು ಹಾಜರಿ ಹಾಕಿ ಹೋಗುತ್ತವೆ. ಅದರಲ್ಲಿ ಮನಸ್ಸಲ್ಲಿ ಉಳಿಯುವುದು ಖಳನಾಯಕ ಬೈಸನ್ ಪಾತ್ರದ ರಾಲ್ ಜೂಲಿಯಾ ಒಬ್ಬರೇ. ಕಾಯಿಲೆಯಲ್ಲೂ ಅವರು ಆ ಪಾತ್ರಕ್ಕೆ ಪೂರ್ತಿ ಜೀವ ಕೊಟ್ಟರು. ಸಿನಿಮಾ ತೆರೆಗೆ ಬರುವ ಮೊದಲೇ ತೀರಿಕೊಂಡರು.

ಮಾರ್ಟಲ್ ಕಾಂಬ್ಯಾಟ್ ಪಂದ್ಯವನ್ನು ಬಿಡಲಿಲ್ಲ. ಒಂದು ದ್ವೀಪ, ಒಂದು ಪಂದ್ಯಾವಳಿ, ಸೋತರೆ ಭೂಮಿ ಹೋಗುತ್ತದೆ. ಇಷ್ಟೇ ಕಥೆ. ಆ ಗೇಮ್ ಹೆಸರಾಗಿದ್ದು ರಕ್ತಪಾತಕ್ಕೆ. ಅಮೆರಿಕದ ಸೆನೆಟ್‌ನಲ್ಲಿ ಅದರ ಬಗ್ಗೆ ವಿಚಾರಣೆ ನಡೆದಿತ್ತು. ಸಿನಿಮಾದಲ್ಲಿ ರಕ್ತ ತೀರಾ ಕಡಿಮೆ. ಆದರೂ ಗೇಮ್ ಆಡಿದವರು ಒಪ್ಪಿಕೊಂಡರು, ಯಾಕಂದರೆ ಒಂದು ಪಂದ್ಯ ಮುಗಿದು ಮುಂದಿನದಕ್ಕೆ ಕಾಯುವ ಆ ಬಿಸಿ ಹಾಗೇ ಇತ್ತು. ಜೊತೆಗೆ ಎದೆ ಬಡಿತದಂಥ ಟೆಕ್ನೊ ಸಂಗೀತ. ಸುಮಾರು 2 ಕೋಟಿ ಡಾಲರ್‌ನಲ್ಲಿ ಮಾಡಿದ ಸಿನಿಮಾ 12 ಕೋಟಿ ಗಳಿಸಿತು. 1997ರಲ್ಲಿ ಬಂದ ಎರಡನೇ ಭಾಗ ಸಿಕ್ಕಸಿಕ್ಕ ಪಾತ್ರಗಳನ್ನೆಲ್ಲ ತುರುಕಿ ಮುಗ್ಗರಿಸಿತು.

ಜರ್ಮನಿಯ ನಿರ್ದೇಶಕ ಉವೆ ಬೋಲ್ ಅಷ್ಟೊಂದು ಗೇಮ್ ಸಿನಿಮಾಗಳನ್ನು ಮಾಡಲು ದುಡ್ಡು ಎಲ್ಲಿಂದ ಬಂತು?

ಆಗ ಜರ್ಮನಿಯಲ್ಲಿ ಸಿನಿಮಾಕ್ಕೆ ಹಾಕಿದ ಹಣಕ್ಕೆ ದೊಡ್ಡ ತೆರಿಗೆ ವಿನಾಯಿತಿ ಸಿಗುತ್ತಿತ್ತು. ಹೌಸ್ ಆಫ್ ದ ಡೆಡ್, ಅಲೋನ್ ಇನ್ ದ ಡಾರ್ಕ್, ಬ್ಲಡ್‌ರೇನ್ ಬಂದದ್ದು ಆ ದಿನಗಳಲ್ಲೇ. ವಿಮರ್ಶಕರು ಮೂರನ್ನೂ ಕಟುವಾಗಿ ಟೀಕಿಸಿದರು. ಹೂಡಿಕೆ ಮಾಡುವವರಿಗೆ ಟಿಕೆಟ್ ಮಾರಾಟದ ಚಿಂತೆ ಕಡಿಮೆಯಾದರೆ ಸಿನಿಮಾ ಚೆನ್ನಾಗಿರಬೇಕು ಅನ್ನುವ ಒತ್ತಡವೂ ಕಡಿಮೆಯಾಗುತ್ತದೆ.

ಗೆಲುವು ಅಂದರೆ ದುಡ್ಡಾ, ಒಳ್ಳೆಯ ವಿಮರ್ಶೆಯಾ?

ಎರಡೂ ಬೇರೆ ಬೇರೆ, ಬೆರೆಸಬಾರದು. ರೆಸಿಡೆಂಟ್ ಈವಿಲ್‌ನ ಆರು ಸಿನಿಮಾಗಳು 2002ರಿಂದ 2016ರವರೆಗೆ ಒಟ್ಟು 120 ಕೋಟಿ ಡಾಲರ್ ದಾಟಿದವು. ವಿಮರ್ಶಕರು ಮಾತ್ರ ಯಾವತ್ತೂ ಮೆಚ್ಚಿಕೊಳ್ಳಲಿಲ್ಲ. 2023ರ ಮಾರಿಯೊ ಸಿನಿಮಾ 136 ಕೋಟಿ ಡಾಲರ್ ತಂದಿತು. ಅದಕ್ಕೂ ವಿಮರ್ಶೆ ಅರೆಬರೆಯೇ. 2016ರ ವಾರ್‌ಕ್ರಾಫ್ಟ್ ಕಥೆ ಇನ್ನೂ ವಿಚಿತ್ರ. ಒಟ್ಟು ಸುಮಾರು 44 ಕೋಟಿ ಡಾಲರ್ ಗಳಿಕೆ, ಅದರಲ್ಲಿ ಅರ್ಧ ಚೀನಾ ಒಂದರಿಂದಲೇ. ಅಮೆರಿಕದಲ್ಲಿ 4.7 ಕೋಟಿ. ಮುಂದಿನ ಭಾಗ ಬರಲೇ ಇಲ್ಲ.

ನಾನು ಈ ಪುಟದಲ್ಲಿ ಗೆಲುವು ಅನ್ನುವಾಗ ಗೇಮ್ ಆಡಿದವರಿಗೂ ಆಡದವರಿಗೂ ಮನಸ್ಸು ತುಂಬಿತಾ ಅಂತಲೇ ನೋಡುತ್ತೇನೆ. ಗಳಿಕೆಯ ಅಂಕಿ ಹೇಳುವುದು ಎಷ್ಟು ಜನ ಬಂದರು ಅಂತ. ಬಂದವರು ಏನು ಹೊತ್ತುಕೊಂಡು ಹೋದರು ಅನ್ನುವುದು ಅದರಲ್ಲಿ ಇರುವುದಿಲ್ಲ.

ಗೇಮ್‌ನಲ್ಲಿ ಇದ್ದ ಹಾಗೇ ತೆಗೆದರೆ ಗೆಲ್ಲುತ್ತಾ? ಎಷ್ಟು ಬದಲಾಯಿಸಬಹುದು?

ಜಗಳ ಜಾಸ್ತಿ ಆಗುವುದು ಇದೇ ಪ್ರಶ್ನೆಗೆ.

ಕಥೆ ಬದಲಾಯಿಸಬಹುದು. ಪಾತ್ರ ಹೊಸದಾಗಿ ಹುಟ್ಟಿಸಬಹುದು. ರೆಸಿಡೆಂಟ್ ಈವಿಲ್ ಸಿನಿಮಾಗಳ ನಾಯಕಿ ಆಲಿಸ್ ಗೇಮ್‌ನಲ್ಲಿ ಇರಲೇ ಇಲ್ಲ. 2021ರಲ್ಲಿ ಅದೇ ಗೇಮ್‌ನ ಪಾತ್ರಗಳು, ಬಂಗಲೆ, ಪೊಲೀಸ್ ಠಾಣೆ ಎಲ್ಲವನ್ನೂ ಹಾಗಾಗೇ ತಂದು ಇನ್ನೊಂದು ಸಿನಿಮಾ ಮಾಡಿದರು. ಕೊರೊನಾ ಕಾಲ ಬೇರೆ, ಅದು ಅಷ್ಟಾಗಿ ಓಡಲಿಲ್ಲ. ಎರಡು ಗೇಮ್‌ಗಳ ಸಾಮಾನನ್ನು ಒಂದೇ ಸಿನಿಮಾಕ್ಕೆ ತುಂಬಿ, ಉಸಿರಾಡಲು ಜಾಗ ಬಿಟ್ಟಿರಲಿಲ್ಲ. ಒಂಟಿಯಾಗಿ, ಗುಂಡು ಖಾಲಿಯಾಗುತ್ತಿರುವಾಗ, ಮುಂದಿನ ಕೋಣೆಯಲ್ಲಿ ಏನಿದೆಯೋ ಅನ್ನುವ ಹೆದರಿಕೆ ಆ ಗೇಮ್‌ನ ಜೀವ. ಕಟ್ಟಡ ಬಂತು, ಹೆದರಿಕೆ ಬರಲಿಲ್ಲ.

ಒಡವೆ ಕರಗಿಸಿ ಹೊಸ ಒಡವೆ ಮಾಡಿಸಿದ ಹಾಗೆ ಈ ಕೆಲಸ. ಆಕಾರ ಬದಲಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಚಿನ್ನದ ತೂಕ ಇಳಿದರೆ ಮಾತ್ರ ಕೇಳುತ್ತಾರೆ.

ಯಾವುದು ಚಿನ್ನ ಅಂತ ಗುರುತಿಸುವಲ್ಲಿ ಎಡವಿದ್ದಕ್ಕೆ 2016ರ ಅಸಾಸಿನ್ಸ್ ಕ್ರೀಡ್ ಒಳ್ಳೆಯ ಉದಾಹರಣೆ. ಆ ಗೇಮ್‌ನಲ್ಲಿ ಈಗಿನ ಕಾಲದ ಒಬ್ಬ ವ್ಯಕ್ತಿ ಯಂತ್ರದ ಮೂಲಕ ತನ್ನ ಪೂರ್ವಜರ ನೆನಪಿಗೆ ಇಳಿಯುತ್ತಾನೆ. ಆಡುವವರಿಗೆ ಬೇಕಾಗಿದ್ದು ಆ ಹಳೆಯ ಕಾಲ. ಗೋಪುರ ಹತ್ತಬೇಕು, ಛಾವಣಿಯಿಂದ ಛಾವಣಿಗೆ ಓಡಬೇಕು, ಮೇಲಿನಿಂದ ಇಡೀ ನಗರ ನೋಡಬೇಕು. ಈಗಿನ ಕಾಲದ ಭಾಗ ಬಂದರೆ ಬೇಗ ಮುಗಿಯಲಿ ಅಂತ ಕಾಯುತ್ತಿದ್ದವರೇ ಜಾಸ್ತಿ. ಸಿನಿಮಾ ಹೆಚ್ಚು ಸಮಯ ಕಳೆದದ್ದು ಈಗಿನ ಕಾಲದ ಲ್ಯಾಬ್‌ನಲ್ಲೇ! ಕೆಲಸದಲ್ಲಿ ಶ್ರದ್ಧೆ ಇರಲಿಲ್ಲ ಅಂತಲ್ಲ. ಗೇಮ್‌ನ ಪ್ರಸಿದ್ಧ ಜಿಗಿತಕ್ಕೆ ಸ್ಟಂಟ್ ಕಲಾವಿದ ಡೇಮಿಯನ್ ವಾಲ್ಟರ್ಸ್ ಸುಮಾರು 125 ಅಡಿ ಎತ್ತರದಿಂದ ನಿಜವಾಗಿಯೇ ಹಾರಿದರು. ಅಂಥ ಧೈರ್ಯ, ಅಂಥ ಶ್ರಮ, ಎಲ್ಲಾ ತಪ್ಪು ಜಾಗಕ್ಕೆ ತೂಕ ಕೊಟ್ಟ ಸಿನಿಮಾದಲ್ಲಿ ಕಳೆದುಹೋಯಿತು. ನನಗೆ ಇದು ಇವತ್ತಿಗೂ ಬೇಸರದ ವಿಷಯ.

ಹೇಲೋ ಸರಣಿಯದ್ದು ಇನ್ನೊಂದು ಬಗೆ. ಅದರ ನಾಯಕ, ಸೈನಿಕ ಮಾಸ್ಟರ್ ಚೀಫ್, ಗೇಮ್‌ನಲ್ಲಿ ಹೆಲ್ಮೆಟ್ ತೆಗೆದು ಮುಖ ತೋರಿಸುವುದಿಲ್ಲ, ಏಕೆಂದರೆ ಆ ಹೆಲ್ಮೆಟ್ ಒಳಗೆ ಇರುವುದು ಆಡುವವರೇ. 2022ರ ಸರಣಿಯ ಮೊದಲ ಕಂತಿನಲ್ಲೇ ಅವನು ಹೆಲ್ಮೆಟ್ ತೆಗೆದ. ನಟನಿಗೆ ಮುಖ ಬೇಕು ಅನ್ನುವ ವಾದ ನನಗೂ ಅರ್ಥವಾಗುತ್ತದೆ. ಆದರೆ ಅಭಿಮಾನಿಗಳು ಇಪ್ಪತ್ತು ವರ್ಷ ಕಾದಿದ್ದ ಕ್ಷಣ ಅದು. ಅದಕ್ಕೆ ಮೊದಲು ಅವನ ಮೇಲೆ ಪ್ರೀತಿ ಹುಟ್ಟಿಸಬೇಕಿತ್ತು. ಸರಣಿ ಎರಡು ಸೀಸನ್‌ಗೆ ನಿಂತಿತು.

ಇನ್ನು 2024ರ ಫಾಲ್‌ಔಟ್. ಯಾವ ಗೇಮ್‌ನ ಕಥೆಯನ್ನೂ ಅದು ತೆಗೆದುಕೊಳ್ಳಲಿಲ್ಲ. ಹೊಸ ಕಥೆ, ಹೊಸ ಜನ. ಆದರೆ ಅಣುಯುದ್ಧದ ನಂತರದ ಆ ಲೋಕದ ನಿಯಮಗಳು ಒಂದೂ ಬದಲಾಗಲಿಲ್ಲ. ವಾಲ್ಟ್ ಅನ್ನುವ ನೆಲದಡಿಯ ಆಶ್ರಯತಾಣಗಳು, ಭಯಾನಕ ದೃಶ್ಯದ ಹಿಂದೆ ಕೇಳುವ ಹಳೆಯ ಸಿಹಿ ಹಾಡುಗಳು, ಸಾವಿನ ಪಕ್ಕದಲ್ಲೇ ಬರುವ ನಗು, ಎಲ್ಲಾ ಅಲ್ಲೇ ಇವೆ. ಮೂರು ಮುಖ್ಯ ಪಾತ್ರಗಳು ಮೂರು ಥರದ ಆಟಗಾರರ ಹಾಗೆ ನನಗೆ ಕಾಣುತ್ತಾರೆ. ಲೂಸಿ ಎಲ್ಲರಿಗೂ ಒಳ್ಳೆಯದು ಮಾಡಲು ಹೊರಟ ಹೊಸಬಳು. ಮ್ಯಾಕ್ಸಿಮಸ್‌ಗೆ ಒಳ್ಳೆಯ ರಕ್ಷಾಕವಚ ಸಿಕ್ಕರೆ ಸಾಕು. ಘೂಲ್ ಎಲ್ಲವನ್ನೂ ನೋಡಿ ಕರುಣೆ ಕಳೆದುಕೊಂಡವನು. ಸರಣಿ ಬಂದ ಮೇಲೆ ಹಳೆಯ ಫಾಲ್‌ಔಟ್ ಗೇಮ್‌ಗಳನ್ನು ಆಡುವವರ ಸಂಖ್ಯೆ ಒಮ್ಮೆಗೇ ಏರಿತು.

ಅಭಿಮಾನಿಗಳ ಮಾತು ಕೇಳಬೇಕಾ?

ಎಲ್ಲಿ ನೋಯುತ್ತಿದೆ ಅಂತ ಅವರು ಹೇಳಿದರೆ ಕೇಳಬೇಕು. ಔಷಧಿಯನ್ನೂ ಅವರೇ ಬರೆದುಕೊಡಲಿ ಅಂತ ಕಾಯಬಾರದು.

2019ರ ಏಪ್ರಿಲ್‌ನಲ್ಲಿ, ಸೋನಿಕ್ ಅನ್ನುವ ನೀಲಿ ಮುಳ್ಳುಹಂದಿಯ ಗೇಮ್ ಆಧರಿಸಿದ ಸಿನಿಮಾದ ಟ್ರೇಲರ್ ಬಂತು. ಚಿಕ್ಕ ಕಣ್ಣು, ಮನುಷ್ಯರ ಹಲ್ಲು. ನೋಡಿದವರು ಬೆಚ್ಚಿಬಿದ್ದರು. ನಿರ್ದೇಶಕ ಜೆಫ್ ಫೌಲರ್ ಕೆಲವೇ ದಿನಗಳಲ್ಲಿ, ಬದಲಾಯಿಸುತ್ತೇವೆ ಅಂತ ಒಪ್ಪಿಕೊಂಡರು. ನವೆಂಬರ್‌ಗೆ ಬರಬೇಕಿದ್ದ ಸಿನಿಮಾವನ್ನು 2020ರ ಫೆಬ್ರವರಿಗೆ ಮುಂದೂಡಿದರು. ಸೋನಿಕ್ ಕಾಮಿಕ್ಸ್ ಚಿತ್ರಿಸಿ ಅನುಭವವಿದ್ದ ಟೈಸನ್ ಹೆಸ್ಸೆ ಹೊಸ ರೂಪದ ಕೆಲಸವನ್ನು ಮುನ್ನಡೆಸಿದರು. ಸಿನಿಮಾ ಸುಮಾರು 32 ಕೋಟಿ ಡಾಲರ್ ಗಳಿಸಿತು, ಮುಂದಿನ ಎರಡು ಭಾಗಗಳು ಅದಕ್ಕಿಂತ ಜಾಸ್ತಿ ಗಳಿಸಿದವು.

ಇಲ್ಲಿ ಬರೀ ಹಲ್ಲು, ಕಣ್ಣಿನ ಪ್ರಶ್ನೆ ಇರಲಿಲ್ಲ. ಸೋನಿಕ್ ಅಂದರೆ ತುಂಟತನ. ಅವನ ಮುಖ ನೋಡಿದ ಕೂಡಲೇ ಅದು ಕಾಣಬೇಕು. ಮೊದಲ ರೂಪದಲ್ಲಿ ಕಾಣುತ್ತಿರಲಿಲ್ಲ. ಈ ಕಥೆಯನ್ನು ಹೇಳುವಾಗ ಇನ್ನೊಂದು ವಿಷಯವನ್ನೂ ಜೊತೆಗೆ ಹೇಳಬೇಕು. ಮುಗಿಸಿದ ಕೆಲಸವನ್ನು ಗ್ರಾಫಿಕ್ಸ್ ಕಲಾವಿದರು ಮತ್ತೆ ಮಾಡಬೇಕಾಯಿತು. ಶೂಟಿಂಗ್ ಶುರುವಾಗುವ ಮೊದಲೇ, ಗೇಮ್ ಗೊತ್ತಿರುವ ನಾಲ್ಕು ಜನರಿಗೆ ಚಿತ್ರ ತೋರಿಸಿದ್ದರೆ ಆ ಕಷ್ಟ ತಪ್ಪುತ್ತಿತ್ತು.

ಗೇಮ್ ಮಾಡಿದವರೇ ಸಿನಿಮಾದಲ್ಲೂ ಇದ್ದರೆ ಗೆಲುವು ಗ್ಯಾರಂಟಿಯಾ?

ಸಹಾಯ ಆಗುತ್ತದೆ, ಗ್ಯಾರಂಟಿ ಇಲ್ಲ.

2001ರ ಫೈನಲ್ ಫ್ಯಾಂಟಸಿ: ದ ಸ್ಪಿರಿಟ್ಸ್ ವಿದಿನ್ ನಿರ್ದೇಶಿಸಿದ್ದು ಆ ಗೇಮ್ ಹುಟ್ಟುಹಾಕಿದ ಹಿರೊನೊಬು ಸಕಾಗುಚಿ ಅವರೇ. ಕಂಪ್ಯೂಟರ್‌ನಲ್ಲಿ ನಿಜವಾದ ಮನುಷ್ಯರನ್ನೇ ಸೃಷ್ಟಿಸುವ ಕನಸು ಅವರದ್ದು. ಒಂದೊಂದು ಕೂದಲೂ ಅಲುಗುವುದು ಕಾಣುತ್ತಿತ್ತು. ಖರ್ಚು 13.7 ಕೋಟಿ ಡಾಲರ್, ಬಂದದ್ದು ಸುಮಾರು 8.5 ಕೋಟಿ. ಸಿನಿಮಾ ಮಾಡಿದ ಸ್ಟುಡಿಯೊ ಮುಚ್ಚಿಹೋಯಿತು. ಗೇಮ್‌ನ ಮಾಂತ್ರಿಕ ಲೋಕ, ಗೆಳೆಯರ ಗುಂಪು, ದೂರದ ಪಯಣ ಯಾವುದೂ ಅದರಲ್ಲಿ ಇರಲಿಲ್ಲ. ಹೆಸರು ನೋಡಿ ಬಂದವರಿಗೆ ಸಿಕ್ಕಿದ್ದು ಬೇರೊಂದು ವೈಜ್ಞಾನಿಕ ಕಥೆ. ಮೂಲದವರೇ ಮೂಲದಿಂದ ದೂರ ಹೋಗಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಜೋಡಿ ಸರಿಯಾಗಿ ಕೂಡಿದಾಗ ಮಾತ್ರ ಫಲ ಚೆನ್ನಾಗಿರುತ್ತದೆ. ದ ಲಾಸ್ಟ್ ಆಫ್ ಅಸ್ ಸರಣಿಯಲ್ಲಿ ಗೇಮ್ ಬರೆದ ನೀಲ್ ಡ್ರಕ್‌ಮನ್ ಜೊತೆಗೆ ಕ್ರೇಗ್ ಮೇಜಿನ್ ಇದ್ದರು. ಒಬ್ಬರಿಗೆ ಪಾತ್ರಗಳ ಒಳಗು ಗೊತ್ತು, ಇನ್ನೊಬ್ಬರಿಗೆ ಟಿವಿ ಕಥೆ ಹೇಳುವುದು ಗೊತ್ತು. ಗುಸ್ತಾವೊ ಸಂಟವೊಲಾಲಾ ಗೇಮ್‌ಗೆ ನುಡಿಸಿದ ಸಂಗೀತವೇ ಸರಣಿಗೂ ಬಂತು. ಮಾರಿಯೊ ಸೃಷ್ಟಿಸಿದ ಶಿಗೆರು ಮಿಯಾಮೊಟೊ 2023ರ ಸಿನಿಮಾದಲ್ಲಿ ನಿರ್ಮಾಪಕರಲ್ಲಿ ಒಬ್ಬರು.

ಗೇಮ್‌ನಂತೆಯೇ ನಾಯಕನ ಕಣ್ಣಿಂದ ಇಡೀ ಸಿನಿಮಾ ತೋರಿಸಿದರೆ?

2005ರ ಡೂಮ್‌ನಲ್ಲಿ ಸುಮಾರು ಐದು ನಿಮಿಷ ಹಾಗೆ ತೋರಿಸಿದರು. ಆ ಸಿನಿಮಾದಲ್ಲಿ ಜನ ನೆನಪಿಟ್ಟುಕೊಂಡಿದ್ದು ಅಷ್ಟನ್ನೇ. ಪೂರ್ತಿ ಸಿನಿಮಾಕ್ಕೆ ಅದು ಒಗ್ಗುವುದು ಕಷ್ಟ. ಗೇಮ್‌ನಲ್ಲಿ ನಾವು ತಿರುಗಿಸಿದ ಕಡೆ ಕಣ್ಣು ತಿರುಗುತ್ತದೆ. ಸಿನಿಮಾದಲ್ಲಿ ಬೇರೆ ಯಾರೋ ನಮ್ಮ ತಲೆ ಹಿಡಿದು ತಿರುಗಿಸಿದ ಹಾಗಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಯಕನ ಮುಖವೇ ನಮಗೆ ಸಿಗುವುದಿಲ್ಲ.

ಸಿನಿಮಾಕ್ಕಿಂತ ಸರಣಿ ವಾಸಿಯಾ?

ದೊಡ್ಡ ಕಥೆಯ ಗೇಮ್‌ಗಳಿಗೆ ಹೌದು. ಹದಿನೈದು, ಇಪ್ಪತ್ತು ಗಂಟೆ ಆಡುವಾಗ ಪಾತ್ರಗಳ ಜೊತೆ ನಾವು ಬದುಕಿರುತ್ತೇವೆ. ಎರಡು ಗಂಟೆಗೆ ಇಳಿಸಿದರೆ ಉಳಿಯುವುದು ಘಟನೆಗಳ ಪಟ್ಟಿ.

ಉದ್ದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಗೇಮ್‌ಗೆ ಹೋಗಲು ಆಗದ ಜಾಗಕ್ಕೆ ಸರಣಿ ಹೋಗಬಹುದು. ದ ಲಾಸ್ಟ್ ಆಫ್ ಅಸ್ ಗೇಮ್‌ನಲ್ಲಿ ಬಿಲ್ ಅನ್ನುವವನು ಸಿಡುಕು ಮನುಷ್ಯ, ಒಂಟಿ. ಅವನ ಸಂಗಾತಿ ಫ್ರಾಂಕ್ ನಮಗೆ ಸಿಗುವುದೇ ಶವವಾಗಿ. ಗೇಮ್‌ನಲ್ಲಿ ನಾವು ಹೆಚ್ಚಾಗಿ ಜೋಯಲ್ ಜೊತೆಗೇ ಇರುತ್ತೇವೆ, ಹಾಗಾಗಿ ಬಿಲ್‌ನ ಹಿಂದಿನ ಬದುಕನ್ನು ನೋಡಲು ದಾರಿಯೇ ಇಲ್ಲ. ಸರಣಿಯ ಮೂರನೇ ಕಂತು ಜೋಯಲ್‌ನನ್ನು ಬಿಟ್ಟು, ಬಿಲ್ ಮತ್ತು ಫ್ರಾಂಕ್ ಜೊತೆಯಾಗಿ ಕಳೆದ ವರ್ಷಗಳನ್ನು ತೋರಿಸಿತು. ಗೇಮ್‌ಗೆ ಹೋಲಿಸಿದರೆ ಬಹುತೇಕ ಹೊಸ ಕಥೆ. ಆದರೂ ಅದು ಗೇಮ್‌ನ ಮುಖ್ಯ ಪ್ರಶ್ನೆಯನ್ನೇ ಕೇಳುತ್ತದೆ: ಲೋಕವೇ ಹಾಳಾದ ಮೇಲೆ ಒಬ್ಬರನ್ನು ಪ್ರೀತಿಸುವುದಕ್ಕೆ ಏನರ್ಥ? ಬಿಲ್ ಪಾತ್ರ ಮಾಡಿದ ನಿಕ್ ಆಫರ್‌ಮನ್‌ಗೆ ಎಮ್ಮಿ ಪ್ರಶಸ್ತಿ ಬಂತು. ಗೇಮ್‌ನಿಂದ ಬಂದ ಕಂತುಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಅನಿಮೇಷನ್ ಆದರೆ ಸುಲಭವಾ?

ಒಂದು ಅಡ್ಡಿ ತಪ್ಪುತ್ತದೆ. ಸೋನಿಕ್‌ನಂಥ ನೀಲಿ ಮುಳ್ಳುಹಂದಿಯನ್ನೋ ಮಾರಿಯೊನಂಥ ದೊಡ್ಡ ಮೀಸೆಯ ಪ್ಲಂಬರ್‌ನನ್ನೋ ನಿಜವಾದ ಬೀದಿಯಲ್ಲಿ ನಿಲ್ಲಿಸಿದರೆ ಕಣ್ಣಿಗೆ ಒಗ್ಗಿಸಲು ಬಹಳ ಕೆಲಸ ಬೇಕು. ಚಿತ್ರದ ಲೋಕದಲ್ಲಿ ಅವರು ಹುಟ್ಟಿನಿಂದಲೇ ಅಲ್ಲಿಯವರು. ಆದರೆ ಸುಲಭ ಅನ್ನುವ ಮಾತು ಬೇಡ.

2021ರ ಆರ್ಕೇನ್ ಸರಣಿ ನೋಡಿ. ಅದರ ಮೂಲವಾದ ಲೀಗ್ ಆಫ್ ಲೆಜೆಂಡ್ಸ್ ಅಂದರೆ ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ ಹೋರಾಡುವ ಗೇಮ್. ಪಂದ್ಯದ ನಡುವೆ ಕಥೆಗೆ ಪುರುಸೊತ್ತೇ ಇಲ್ಲ. ಪಾತ್ರಗಳ ಹಿನ್ನೆಲೆ ಅಲ್ಲಿ ಇಲ್ಲಿ ಚೂರುಪಾರು ಸಿಗುತ್ತಿತ್ತು. ಸರಣಿ ಅದರಿಂದ ಇಬ್ಬರನ್ನು ಎತ್ತಿಕೊಂಡಿತು. ವೈ ಮತ್ತು ಜಿಂಕ್ಸ್, ಅಕ್ಕ ತಂಗಿ. ಮೇಲೆ ಸಿರಿವಂತರ ಊರು, ಕೆಳಗೆ ಹೊಗೆ ತುಂಬಿದ ಬಡವರ ಊರು. ಅವರಿಬ್ಬರು ಹೇಗೆ ಬೇರೆಯಾದರು ಅನ್ನುವುದನ್ನು ನಿಧಾನವಾಗಿ ಹೇಳಿತು. ಪ್ಯಾರಿಸ್‌ನ ಫೋರ್ಟಿಶ್ ಸ್ಟುಡಿಯೊದವರು ಕುಂಚದಿಂದ ಬಳಿದ ಹಾಗೆ ಕಾಣುವ ಚಿತ್ರಗಳನ್ನು ಕೊಟ್ಟರು. 2022ರಲ್ಲಿ ಅತ್ಯುತ್ತಮ ಅನಿಮೇಷನ್ ಕಾರ್ಯಕ್ರಮಕ್ಕೆ ಎಮ್ಮಿ ಸಿಕ್ಕಿತು. ಆ ಗೇಮ್ ಹೆಸರೂ ಕೇಳದವರು ಅದನ್ನು ನೋಡಿ ಕಣ್ಣೀರು ಹಾಕಿದ್ದಾರೆ.

ಸೈಬರ್‌ಪಂಕ್: ಎಡ್ಜ್‌ರನ್ನರ್ಸ್ ಕೂಡ ಹಾಗೇ. ಅದರ ಮೂಲ, 2020ರಲ್ಲಿ ದೋಷಗಳ ಜೊತೆ ಬಂದು ಬೈಸಿಕೊಂಡ ಸೈಬರ್‌ಪಂಕ್ 2077 ಗೇಮ್. 2022ರಲ್ಲಿ ಎಡ್ಜ್‌ರನ್ನರ್ಸ್ ಅನ್ನುವ ಈ ಅನಿಮೆ (ಜಪಾನಿ ಅನಿಮೇಷನ್) ಸರಣಿ ಬಂದ ಮೇಲೆ ಜನ ಗುಂಪುಗುಂಪಾಗಿ ಗೇಮ್‌ಗೆ ಮರಳಿದರು.

ದೊಡ್ಡ ನಟರಿದ್ದರೆ ಸಾಕಲ್ವಾ?

ಸಾಲದು. 2024ರ ಬಾರ್ಡರ್‌ಲ್ಯಾಂಡ್ಸ್‌ನಲ್ಲಿ ಎರಡು ಆಸ್ಕರ್ ಗೆದ್ದ ಕೇಟ್ ಬ್ಲಾಂಚೆಟ್ ಇದ್ದರು. 11 ಕೋಟಿ ಡಾಲರ್ ಆಸುಪಾಸಿನ ಸಿನಿಮಾ ಗಳಿಸಿದ್ದು ಸುಮಾರು 3.3 ಕೋಟಿ. ವೇಷ, ಬಣ್ಣ, ಬಂದೂಕು ಎಲ್ಲಾ ಗೇಮ್‌ನಂತೆಯೇ ಇತ್ತು. ಆ ಗೇಮ್‌ನ ಒರಟು, ಹುಚ್ಚು ನಗು ಮಾತ್ರ ತೆಳ್ಳಗಾಗಿತ್ತು.

ದುಡ್ಡು ಜಾಸ್ತಿ ಹಾಕಿದರೆ ಚೆನ್ನಾಗಿ ಬರುತ್ತಾ?

ಕೆಲವೊಮ್ಮೆ ದುಡ್ಡೇ ಕಾಲಿಗೆ ತೊಡರುತ್ತದೆ. ಬಯೋಶಾಕ್ ಗೇಮ್ ಸಮುದ್ರದ ತಳದಲ್ಲಿ ಕಟ್ಟಿದ ನಗರದ ಕಥೆ. ಅದನ್ನು ತೆರೆಗೆ ತರಲು ಬಹಳ ಹಣ ಬೇಕು. ಕಥೆ ಕ್ರೂರ, ಮಕ್ಕಳು ನೋಡುವಂಥದ್ದಲ್ಲ. ನಿರ್ದೇಶಕ ಗೋರ್ ವರ್ಬಿನ್ಸ್ಕಿ ಆ ಕ್ರೌರ್ಯವನ್ನು ಕಡಿಮೆ ಮಾಡಲು ಒಪ್ಪಲಿಲ್ಲ. ವಯಸ್ಕರಿಗೆ ಮಾತ್ರದ ಸಿನಿಮಾಕ್ಕೆ ಅಷ್ಟು ಹಣ ಹಾಕಲು ಸ್ಟುಡಿಯೊ ಒಪ್ಪಲಿಲ್ಲ. ಸಿನಿಮಾ ನಿಂತುಹೋಯಿತು. ಅರೆಮನಸ್ಸಿನಿಂದ ಮಾಡುವುದಕ್ಕಿಂತ ನಿಂತದ್ದೇ ಒಳ್ಳೆಯದಾಯಿತು ಅನ್ನುವುದು ನನ್ನ ಭಾವನೆ.

ಇದಕ್ಕೆ ವಿರುದ್ಧ, 2023ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್. ಸುಮಾರು 2 ಕೋಟಿ ಡಾಲರ್‌ನಲ್ಲಿ ಮಾಡಿ 29 ಕೋಟಿ ಗಳಿಸಿತು. ಮೂಲ ಗೇಮ್‌ನಲ್ಲಿ ರಾತ್ರಿ ಕಾವಲುಗಾರ ಒಂದು ಕೋಣೆಯಲ್ಲಿ ಕೂತು ಕ್ಯಾಮೆರಾ ನೋಡುತ್ತಾನೆ, ಯಂತ್ರದ ಗೊಂಬೆಗಳು ಹತ್ತಿರ ಬರುತ್ತವೆ, ಅಷ್ಟೇ. ಚಿಕ್ಕ ಜಾಗದ ಭಯಕ್ಕೆ ಚಿಕ್ಕ ಬಜೆಟ್ ಸಾಕಾಯಿತು. ಗೊಂಬೆಗಳನ್ನು ಕಂಪ್ಯೂಟರ್‌ನಲ್ಲಿ ಮಾಡದೆ ನಿಜವಾಗಿ ಕಟ್ಟಿ ನಿಲ್ಲಿಸಿದ್ದು ಸರಿಯಾದ ತೀರ್ಮಾನ.

ದ ವಿಚರ್ ಸರಣಿ ಗೇಮ್‌ನಿಂದ ಬಂದಿದ್ದಾ?

ಅಲ್ಲ. ಪೋಲೆಂಡ್‌ನ ಲೇಖಕ ಆಂಜೆಯ್ ಸಪ್ಕೊವ್ಸ್ಕಿ ಅವರ ಕಥೆಗಳಿಂದ ಬಂದಿದ್ದು. ಗೇಮ್ ಕೂಡ ಅದೇ ಕಥೆಗಳಿಂದ ಹುಟ್ಟಿದ್ದು, 2007ರಲ್ಲಿ.

ಕಥೆಯೇ ಇಲ್ಲದ ಗೇಮ್‌ಗಳನ್ನು ಏನು ಮಾಡುವುದು?

ಮೈನ್‌ಕ್ರಾಫ್ಟ್‌ನಲ್ಲಿ ಹೇಳಿಕೊಳ್ಳುವ ಕಥೆ ಇಲ್ಲ. ಇಟ್ಟಿಗೆಗಳಂಥ ಚೌಕಗಳಿಂದ ಏನು ಬೇಕೋ ಅದನ್ನು ಕಟ್ಟಬಹುದು. 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಗೇಮ್. ಅಂದರೆ ಪ್ರತಿಯೊಬ್ಬರಿಗೂ ತಮ್ಮದೇ ಕಥೆ ಇದೆ. 2025ರ ಸಿನಿಮಾ ಮನುಷ್ಯರನ್ನು ಆ ಲೋಕಕ್ಕೆ ಎಸೆದು, ತಮಾಷೆ ಮಾಡುತ್ತಾ ಸಾಗಿತು. 90 ಕೋಟಿ ಡಾಲರ್ ದಾಟಿತು. ಚಿತ್ರಮಂದಿರಗಳಲ್ಲಿ ಹುಡುಗರು ತಮಗೆ ಗೊತ್ತಿರುವ ಪಾತ್ರ ಬಂದಾಗ ಎದ್ದು ನಿಂತು ಕಿರುಚಿದರು, ಪಾಪ್‌ಕಾರ್ನ್ ಎಸೆದರು. ಕಥೆ ನನಗೆ ತೆಳು ಅನ್ನಿಸಿತು, ಇದನ್ನು ಹೇಳಲೇಬೇಕು. ಆದರೆ ಆ ಗದ್ದಲವನ್ನು ನಾನು ತಳ್ಳಿಹಾಕುವುದಿಲ್ಲ. ಗೆಳೆಯರ ಜೊತೆ ಕೂಗಾಡುತ್ತಾ ಆಡುವ ಗೇಮ್ ಅದು. ಆ ಕೂಗಾಟ ಹಾಲ್‌ಗೆ ಬಂದಿತ್ತು.

ಟೆಟ್ರಿಸ್ ಬೇರೆ ದಾರಿ ಹಿಡಿಯಿತು. ಬೀಳುವ ಚೌಕಗಳಿಗೆ ಕಥೆ ಹುಟ್ಟಿಸುವ ಬದಲು, ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಿ ಪಜಿಟ್ನೊವ್ ಮಾಡಿದ ಆ ಗೇಮ್‌ನ ಹಕ್ಕಿಗಾಗಿ ಹಲವು ಕಂಪನಿಗಳು ಕಿತ್ತಾಡಿದ್ದನ್ನೇ 2023ರಲ್ಲಿ ಸಿನಿಮಾ ಮಾಡಿದರು. ಜಾಣ ಆಯ್ಕೆ.

ಗೇಮ್ ಆಡದವರಿಗೆ ಅರ್ಥವಾಗುವ ಹಾಗೆ ಮಾಡುವುದು ಹೇಗೆ?

ಏನೂ ಗೊತ್ತಿಲ್ಲದ ಒಬ್ಬರನ್ನು ಮುಂದೆ ನಿಲ್ಲಿಸುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಫಾಲ್‌ಔಟ್‌ನ ಲೂಸಿ ನೆಲದಡಿಯಲ್ಲೇ ಬೆಳೆದವಳು. ಹೊರಗೆ ಬಂದಾಗ ಅವಳಿಗೆ ಗೊತ್ತಿರುವಷ್ಟೇ ನಮಗೂ ಗೊತ್ತಿರುತ್ತದೆ. ವಾರ್‌ಕ್ರಾಫ್ಟ್‌ನಲ್ಲಿ ಅಂಥವರು ಇರಲಿಲ್ಲ. ಮೊದಲ ಅರ್ಧ ಗಂಟೆಯಲ್ಲೇ ರಾಜ್ಯಗಳು, ಕುಲಗಳು, ಮಂತ್ರವಾದಿಗಳ ಹೆಸರುಗಳು ಸುರಿಮಳೆಯಾದವು. ನಿರ್ದೇಶಕ ಡಂಕನ್ ಜೋನ್ಸ್ ಸ್ವತಃ ಆ ಗೇಮ್ ಆಡಿ ಪ್ರೀತಿಸಿದವರು, ಓರ್ಕ್ ಅನ್ನುವ ರಾಕ್ಷಸ ಕುಲದ ಕುಟುಂಬದ ದೃಶ್ಯಗಳಲ್ಲಿ ಆ ಪ್ರೀತಿ ಕಾಣುತ್ತದೆ. ಉಳಿದ ಕಡೆ, ಹೊಸಬರು ಯಾರ ಕೈ ಹಿಡಿದು ಒಳಗೆ ಹೋಗಬೇಕು ಅಂತ ಗೊತ್ತಾಗದೆ ಹೊರಗೇ ಉಳಿದರು.

ಸಿನಿಮಾ ಮಾಡಲೇಬಾರದ ಗೇಮ್ ಇದೆಯಾ?

ಇದೆ ಅಂತಲೇ ನನ್ನ ಉತ್ತರ. 2019ರ ಔಟರ್ ವೈಲ್ಡ್ಸ್‌ನಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸ್ಫೋಟವಾಗುತ್ತಾನೆ, ಎಲ್ಲಾ ಮೊದಲಿಗೆ ಮರಳುತ್ತದೆ. ಹೊಸ ಆಯುಧ ಇಲ್ಲ, ಹೊಸ ಶಕ್ತಿ ಇಲ್ಲ. ಹಿಂದಿನ ಸಲ ಏನು ಕಲಿತೆವೋ ಅಷ್ಟೇ ನಮ್ಮ ಗಳಿಕೆ. ಅದನ್ನು ಸಿನಿಮಾ ಮಾಡಿದರೆ ನಾವು ಕಂಡುಹಿಡಿಯಬೇಕಾದ್ದನ್ನು ಇನ್ನೊಬ್ಬರು ಕಂಡುಹಿಡಿದು ತೋರಿಸಿದಂತೆ.

2015ರ ಅಂಡರ್‌ಟೇಲ್ ಇನ್ನೂ ಕಠಿಣ. ಅದರಲ್ಲಿ ಎದುರಿಗೆ ಬಂದ ರಾಕ್ಷಸರನ್ನು ಕೊಲ್ಲಬಹುದು, ಇಲ್ಲವೇ ಮಾತಾಡಿಸಿ ಬಿಟ್ಟುಬಿಡಬಹುದು. ಒಬ್ಬರನ್ನು ಕೊಂದು, ಬೇಸರವಾಗಿ, ಮೊದಲು ಉಳಿಸಿಟ್ಟ ಹಂತಕ್ಕೆ (ಸೇವ್) ಹೋಗಿ ಮತ್ತೆ ಆಡಿದರೂ ಗೇಮ್ ಅದನ್ನು ಮರೆಯುವುದಿಲ್ಲ. ನೀನು ಹಿಂದೆ ಏನು ಮಾಡಿದ್ದೆ ಅಂತ ನಿನಗೇ ಹೇಳುತ್ತದೆ. ಆ ಮಾತು ನೇರ ಆಡುವವರಿಗೆ. ಪರದೆಯ ಮೇಲೆ ಯಾವ ನಟ ಅದನ್ನು ಕೇಳಿಸಿಕೊಂಡರೂ ನಾವು ಬಚಾವಾಗಿಬಿಡುತ್ತೇವೆ. ಇದನ್ನು ಯಾರಾದರೂ ಸಿನಿಮಾ ಮಾಡಲು ಹೊರಟರೆ ನಾನು ಖಂಡಿತ ಹೋಗಿ ನೋಡುತ್ತೇನೆ. ಆದರೆ ಮೊದಲು ಗೇಮ್ ಆಡಿ ಅಂತಲೇ ಎಲ್ಲರಿಗೂ ಹೇಳುತ್ತೇನೆ. ಸಾಮಾನ್ಯ ಕಂಪ್ಯೂಟರ್‌ನಲ್ಲೂ ಓಡುತ್ತದೆ, ಕೆಲವು ಸಂಜೆಗಳಲ್ಲಿ ಮುಗಿಯುತ್ತದೆ.